ಕುದುರೆ ಎಳೆದ ಮನೆಯ ಮೊದಲ ಪರೀಕ್ಷೆ

ಗಾಲಿ ಮನೆಯಲ್ಲೇ ಬದುಕಲು ಹೊರಡುವ ಹಲವರು ಇಂದು ಮೊದಲು ಕೆಲವು ದಿನ ಅದರಲ್ಲಿ ತಂಗಿ ನೋಡುತ್ತಾರೆ. ಈ ಎಚ್ಚರಿಕೆ ಮೋಟಾರು ವಾಹನಗಳ ಕಾಲಕ್ಕಿಂತಲೂ ಹಿಂದಿನದು.

ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಹುಡುಗರಿಗಾಗಿ ಸಾಹಸ ಕಥೆಗಳನ್ನು ಬರೆಯುತ್ತಿದ್ದರು. ಜಿಪ್ಸಿಗಳ ಬಂಡಿಗಳಿಗೆ ಮನಸೋತ ಅವರು 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮಹಾಗನಿ ಮರದ ಬಂಡಿ ಕಟ್ಟಿಸಿದರು. ಎರಡು ಕುದುರೆ, ಸುಮಾರು ಎರಡು ಟನ್ ಭಾರ. ಜೊತೆಗೆ ಸಾರಥಿ, ಸೇವಕ, ಹರಿಕೇನ್ ಬಾಬ್ ಎಂಬ ನಾಯಿ, ಒಂದು ಕಾಕಟೂ ಗಿಳಿ! ಇಕ್ಕಟ್ಟಾದ ರಸ್ತೆಗಳಲ್ಲಿ ಸೇವಕ ಟ್ರೈಸಿಕಲ್ ತುಳಿಯುತ್ತ ಮುಂದೆ ಹೋಗಿ, ಎದುರು ಬರುವ ಗಾಡಿಗಳ ಸುಳಿವು ಕೊಡುತ್ತಿದ್ದ.

ಇಷ್ಟೆಲ್ಲ ಸಜ್ಜಾಗಿದ್ದರೂ ಸ್ಟೇಬಲ್ಸ್ ನೇರವಾಗಿ ದೂರದ ಹಾದಿ ಹಿಡಿಯಲಿಲ್ಲ. ಮೊದಲು ಬರ್ಕ್‌ಷೈರ್‌ನ ತಮ್ಮೂರು ಟ್ವೈಫರ್ಡ್‌ನ ಸುತ್ತಲೇ ಪರೀಕ್ಷಾ ಸವಾರಿ ನಡೆಸಿದರು. ಮೇಡನ್‌ಹೆಡ್ ಥಿಕೆಟ್ ಬಳಿ ಗುಡುಗು ಮಳೆ ಎದುರಾಯಿತು. ಆ ಸವಾರಿಯೇ ಅವರ ನಿಜವಾದ ಜಾಣ್ಮೆ: ಇಷ್ಟು ಭಾರದ ಬಂಡಿಯ ಕೊರತೆಗಳು ಮನೆಯ ಹತ್ತಿರವೇ ತಿಳಿಯಬೇಕು, ಸ್ಕಾಟ್ಲೆಂಡಿನ ಬೆಟ್ಟದ ಏರಿನಲ್ಲಲ್ಲ.

ಆಮೇಲೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ನತ್ತ ಹೊರಟ ಪಯಣ 1,300 ಮೈಲಿಗಳದು. ಅದರ ಕಥನ 1886ರಲ್ಲಿ ಪುಸ್ತಕವಾಯಿತು. 1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ (ಗಾಲಿ ಮನೆ) ಕ್ಲಬ್ ಹುಟ್ಟಿದಾಗ ಸ್ಟೇಬಲ್ಸ್ ಅದರ ಉಪಾಧ್ಯಕ್ಷರಾದರು. ‘ವಾಂಡರರ್’ ಇಂದಿಗೂ ಉಳಿದಿದೆ.