ತಾವರೆಗೆ ನೈದಿಲೆ ತಂಗಿಯಲ್ಲ

ಸೂರ್ಯನಿಗೆ ತಾವರೆ, ಚಂದ್ರನಿಗೆ ನೈದಿಲೆ ಎಂಬ ಜೋಡಿಯನ್ನು ನಮ್ಮ ಕವಿಗಳು ಶತಮಾನಗಳಿಂದ ಹಾಡಿಕೊಂಡು ಬಂದಿದ್ದಾರೆ. ಪಾಠ ಮಾಡುವಾಗ ಇವು ಒಂದೇ ಮನೆಯ ಅಕ್ಕತಂಗಿಯರೆಂದು ನಾನೂ ಮಕ್ಕಳಿಗೆ ಹೇಳುತ್ತಿದ್ದೆ. ಅದು ತಪ್ಪೆಂದು ತಿಳಿದದ್ದು ನಿವೃತ್ತಿಯ ಅನಂತರ. ತಿದ್ದಿ ಹೇಳೋಣವೆಂದರೆ ಆ ಮಕ್ಕಳೆಲ್ಲ ಈಗ ಎಲ್ಲೆಲ್ಲಿಯೋ! ಅವರಲ್ಲಿ ಕೆಲವರಾದರೂ ಈ ಸಂಚಿಕೆಯನ್ನು ಓದಬಹುದೆಂಬ ಆಸೆಯಿಂದ ಇದನ್ನು ಬರೆದಿದ್ದೇನೆ.

ತಪ್ಪು ನನ್ನೊಬ್ಬನದಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತಾವರೆಯನ್ನು ನೈದಿಲೆಯ ಕುಲದಲ್ಲಿಯೇ ಸೇರಿಸಿದ್ದನು. ನಮ್ಮ ಕಾಲೇಜುಗಳು ಬಹುಕಾಲ ಅನುಸರಿಸಿದ ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣವೂ ಎರಡನ್ನೂ ಒಂದೇ ಕುಟುಂಬದಲ್ಲಿ ಇರಿಸಿತು. ಸಂಶಯಕ್ಕೆ ಕಾರಣಗಳು ಇಲ್ಲದಿರಲಿಲ್ಲ. ನೈದಿಲೆಯ ಎಲೆ ತೊಟ್ಟಿನವರೆಗೆ ಸೀಳಿರುತ್ತದೆ. ತಾವರೆಯ ಎಲೆ ಕೊಡೆಯಂತೆ ಇಡಿಯಾಗಿದ್ದು ನಡುವೆ ತೊಟ್ಟು ಇರುತ್ತದೆ. ನೈದಿಲೆಯ ಕಾಯಿ ನೀರೊಳಗೆ ಮುಳುಗಿ ಬಲಿತರೆ ತಾವರೆಯದು ನೀರಿನಿಂದ ಮೇಲೆದ್ದು ನಿಲ್ಲುತ್ತದೆ.

ವ್ಯಾಜ್ಯ ತೀರಿದ್ದು ಡಿಎನ್‌ಎಯಿಂದ. ಈ ವಿಧಾನ ನಮ್ಮ ಹಳಗನ್ನಡ ವಿದ್ವಾಂಸರಿಗೆ ಅಪರಿಚಿತವೇನಲ್ಲ. ಒಂದು ಕಾವ್ಯಕ್ಕೆ ಹತ್ತು ಓಲೆಪ್ರತಿಗಳಿವೆ ಎನ್ನಿ. ಎರಡು ಪ್ರತಿಗಳಲ್ಲಿ ಮಾತ್ರ ಒಂದೇ ಎಡೆಯಲ್ಲಿ ಒಂದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಕಂಡರೆ ಅವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವೆಂದು ಸಂಪಾದಕರು ನಿರ್ಣಯಿಸುತ್ತಾರೆ. ಎಲ್ಲ ಪ್ರತಿಗಳಲ್ಲಿಯೂ ಸಮಾನವಾಗಿರುವ ಪಾಠದಿಂದ ನಂಟು ತಿಳಿಯದು. ಇಬ್ಬರೇ ಹಂಚಿಕೊಂಡ ಸ್ಖಾಲಿತ್ಯವೇ ಸಾಕ್ಷಿ. ಸಸ್ಯಗಳ ಎಲೆಯ ಹಸಿರು ಕಣಗಳಲ್ಲಿ 'ಆರ್‌ಬಿಸಿಎಲ್' ಎಂಬ ಜೀನ್ ಇದೆ. ಗಾಳಿಯ ಇಂಗಾಲವನ್ನು ಹಿಡಿಯುವ ಪ್ರೋಟೀನಿನ ಒಂದು ಭಾಗವನ್ನು ಕಟ್ಟುವ ಬರಹವದು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಲಿಪಿ, ಸುಮಾರು 1,400 ಅಕ್ಷರಗಳ ಉದ್ದ. ತಲೆಮಾರುಗಳುದ್ದಕ್ಕೂ ನಕಲಾಗುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ಬದಲಾಗುತ್ತದೆ. 1993ರಲ್ಲಿ ಮಾರ್ಕ್ ಚೇಸ್ ಮತ್ತು ಅವರ 41 ಸಹಲೇಖಕರು ಸುಮಾರು 500 ಸಸ್ಯಗಳ ಈ ಬರಹವನ್ನು ಒಂದಕ್ಕೊಂದು ಹೋಲಿಸಿ ವಂಶವೃಕ್ಷವನ್ನು ರಚಿಸಿದರು.

ಅದರಲ್ಲಿ ತಾವರೆ ನಿಂತದ್ದು ಎಲ್ಲಿ? ಕಾಶ್ಮೀರದ ಚಿನಾರ್ ಮರದ ಪಕ್ಕದಲ್ಲಿ! ಅದೇ ಕವಲಿನಲ್ಲಿ ಪ್ರೋಟಿಯೇಸಿ ಎಂಬ ಕುಟುಂಬವೂ ಇತ್ತು. 1998ರ ಹೊಸ ವರ್ಗೀಕರಣ ಇವೆಲ್ಲವನ್ನೂ ಒಂದೇ ಗಣವಾಗಿ ಅಂಗೀಕರಿಸಿತು. ಪ್ರೋಟಿಯೇಸಿ ಎಂದರೆ ಯಾರಿಗೂ ಅರ್ಥವಾಗದು. ಆದರೆ ಆಸ್ಟ್ರೇಲಿಯದಿಂದ ಬಂದು ನಮ್ಮ ನೀಲಗಿರಿಯ ಚಹಾ ತೋಟಗಳಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಆ ಕುಟುಂಬದ್ದೇ. (ಅದು ನಿಜವಾದ ಓಕ್ ಅಲ್ಲ, ಹೆಸರಿನ ತಪ್ಪು ಅಲ್ಲಿಯೂ ಇದೆ.) ಹತ್ತು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾದ ದಾಯಾದಿಗಳಿವರು, ಒಬ್ಬರು ಕೆರೆಗಿಳಿದರು, ಮತ್ತೊಬ್ಬರು ಮರವಾಗಿಯೇ ಉಳಿದರು.

ಹಾಗಾದರೆ ನೈದಿಲೆಗೆ ಯಾರು ನೆಂಟರು ಎಂದು ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು. ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದಲ್ಲಿಯೇ ಅದರ ಕವಲು ಒಡೆದಿದೆ. ತಾವರೆ, ಮಾವು, ರಾಗಿ ಎಲ್ಲವೂ ಅನಂತರದ ಕವಲುಗಳು. ಆದುದರಿಂದ ನೈದಿಲೆಗೆ ತಾವರೆ ಎಷ್ಟು ದೂರದ ನೆಂಟಳೋ ರಾಗಿಯೂ ಅಷ್ಟೇ ದೂರ.