ದನದ ಕಾವಲು, ಶಾಲೆಯ ಅಂಗಳ

ಚಿತ್ರದುರ್ಗವೆಂದೊಡನೆ ಏಳು ಸುತ್ತಿನ ಕೋಟೆ ಕಣ್ಮುಂದೆ ನಿಲ್ಲುವುದು ಸಹಜ. ಆದರೆ ಈ ಲೇಖನ ಕೋಟೆಯ ಕುರಿತಾದುದಲ್ಲ, ಬಯಲಿನ ಕುರಿತಾದುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ಓಡಾಡಿದ ಹಿರಿಯರಿಗೆ ‘ಅಮೃತಮಹಲ್ ಕಾವಲು’ ಎಂಬ ಮಾತು ಹೊಸದೇನಲ್ಲ. ಉಳುಮೆಗೆ ಕೊಡದೆ, ಮನೆ ಕಟ್ಟಲು ಬಿಡದೆ, ದನಗಳ ಮೇವಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳವು. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಕಾವಲುಗಳ ಕಥೆಯನ್ನೂ, ಹೆಣ್ಣುಮಕ್ಕಳ ಶಾಲೆಯ ಆಟದ ಅಂಗಳದ ಕಥೆಯನ್ನೂ ಜೊತೆಗಿಟ್ಟು ನೋಡುವ ಇಚ್ಛೆ ನನ್ನದು. ಹೆಣ್ಣುಮಕ್ಕಳನ್ನು ದನಗಳೊಡನೆ ಹೋಲಿಸಿದನೆಂದು ಯಾರೂ ಮುನಿಯಬಾರದು. ಹೋಲಿಕೆ ಇರುವುದು ನೆಲಕ್ಕೂ ನೆಲಕ್ಕೂ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಅರಮನೆಯ ಹಾಲು ಬೆಣ್ಣೆಗಳ ಸಲುವಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ನೆಲೆಗೊಂಡಿತು. ರಾಜ್ಯದ ನಾನಾ ಕಡೆ ಕಾವಲುಗಳನ್ನು ಗುರುತಿಸಿದ್ದೂ ಆಗಲೇ. ಹೈದರಾಲಿಯು ಅದೇ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದನು. ಟಿಪ್ಪು ಸುಲ್ತಾನನು ಇಲಾಖೆಯ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿ, ದನಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದನು. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಕೆರೆಯಂಗಳದ ಹಸುರೂ ಮರದ ನೆರಳೂ ಇದ್ದುದು ಬೇಸಿಗೆಯ ಕಾವಲು. ಹಿಂಡುಗಳು ಋತುಮಾನಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಒಂದು ಬಯಲು ಮೇಯಿಸಿಕೊಳ್ಳುತ್ತಿದ್ದರೆ ಮತ್ತೊಂದು ಬರಿದಾಗಿ ವಿಶ್ರಮಿಸುತ್ತಿತ್ತು. ಬರಿದಾಗಿ ಬಿದ್ದ ನೆಲವೆಲ್ಲ ಪಾಳು ನೆಲವಲ್ಲವೆಂಬ ತಿಳಿವಳಿಕೆ ಆ ಕಾಲದ ದನಗಾಹಿಗಳಿಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹಿಂಡುಗಳು ಬ್ರಿಟಿಷರ ಕೈ ಸೇರಿದವು. ಮೊದಮೊದಲು ಉಸ್ತುವಾರಿ ಸಡಿಲಗೊಂಡು ತಳಿಯೇ ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಹೊಣೆ ವಹಿಸಿದ ಮೇಲೆ ಮತ್ತೆ ಚೇತರಿಸಿಕೊಂಡಿತು. ಅವೇ ದನಗಳು, ಅದೇ ಹುಲ್ಲು; ಬದಲಾದದ್ದು ಮೇಲ್ವಿಚಾರಕನೊಬ್ಬನೇ. ಮುಂದೆ 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಸರ್ಕಾರವು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಆದರೆ ಸೈನ್ಯಕ್ಕೆ ಒಳ್ಳೆಯ ಎತ್ತುಗಳು ದೊರೆಯದಾದಾಗ ತಪ್ಪು ಅರಿವಾಯಿತು. ಆ ದಶಕ ಮುಗಿಯುವ ಮುನ್ನವೇ, ಮಾರಿದ್ದ ತಳಿಯನ್ನು ಮತ್ತೆ ಕಲೆಹಾಕುವ ಪ್ರಯಾಸ ಅದರ ಪಾಲಿಗೆ ಬಂತು. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಹಸ್ತಾಂತರವಾಯಿತು. ಹೊಸದುರ್ಗದ ಮಗ್ಗುಲಿನ ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು ಈ ಪರಂಪರೆಯ ಕುಡಿಯೇ. ದನಗಳನ್ನಾದರೂ ಮರಳಿ ಕೂಡಿಸಬಹುದು. ನೆಲ ಹೋದರೆ ಹೋಯಿತು. ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾದಾಗ ದನಕುರಿ ಸಾಕುವವರು ಪಟ್ಟ ಸಂಕಟವನ್ನು ನಮ್ಮ ಜಿಲ್ಲೆಯವರು ಬಲ್ಲರು. ಆ ಸಂಸ್ಥೆಗಳ ಅಗತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಖಾಲಿಯಾಗಿ ಕಾಣುವ ನೆಲಕ್ಕೇ ಎಲ್ಲರ ಕಣ್ಣೂ ಮೊದಲು ಬೀಳುತ್ತದೆ ಎಂಬುದಷ್ಟೇ ನನ್ನ ಮಾತು.

ಈಗ ಶಾಲೆಯ ಕಡೆಗೆ ಬರೋಣ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಗೊಂಡು 1907ರಲ್ಲಿ ಮುಗಿದ ಜಲಾಶಯವು ‘ವಾಣಿವಿಲಾಸ ಸಾಗರ’ವೆಂದು ಹೆಸರಾಗಿದೆ. ಮಗ ಬಾಲಕನಾಗಿದ್ದ ಕಾರಣ ರೀಜೆಂಟರಾಗಿ ರಾಜ್ಯವಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ಅದು. ಹೆಂಗಸಿನ ಆಡಳಿತಕ್ಕೆ ಇಷ್ಟು ದೊಡ್ಡ ಸಾಕ್ಷಿ ನಮ್ಮ ಹೊಲಗದ್ದೆಗಳಿಗೇ ನೀರುಣಿಸುತ್ತಿದೆ. ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ 1881ರಲ್ಲಿ ಆರಂಭವಾಯಿತು. ಅದಕ್ಕೂ ಮುನ್ನ, 1870ರ ನವೆಂಬರ್‌ನಲ್ಲಿ, ಮದರ್ ವೆರೋನಿಕಾರವರು ಸ್ಥಾಪಿಸಿದ ಅಪೊಸ್ತಲಿಕ ಕಾರ್ಮೆಲ್ ಸಭೆಯ ಭಗಿನಿಯರು ಫ್ರಾನ್ಸಿನಿಂದ ಹಡಗೇರಿ ಬಂದು ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡಿದ್ದರು. ಅದೇ ಊರಿನಲ್ಲಿ 1921ರಲ್ಲಿ ಸಂತ ಆಗ್ನೆಸರ ಕಾಲೇಜು ಅದೇ ಸಭೆಯಿಂದ ಮೂಡಿತು. ಹೆಂಗಸರು ನಡೆಸುವ ಸಂಸ್ಥೆ, ಹೆಂಗಸೇ ಮುಖ್ಯೋಪಾಧ್ಯಾಯಿನಿ, ಸುತ್ತಲೂ ಒಂದು ಗೋಡೆ, ಗೋಡೆಯೊಳಗೆ ಒಂದು ಅಂಗಳ: ಕಾನ್ವೆಂಟ್ ಎಂದರೆ ಇಷ್ಟು. ಬೀದಿಯಲ್ಲಿ ಓಡಿದರೆ ನೋಡಿದವರು ನಗುತ್ತಿದ್ದ ಕಾಲದಲ್ಲಿ ಹುಡುಗಿಯೊಬ್ಬಳು ನಿಶ್ಚಿಂತೆಯಿಂದ ಓಡಬಹುದಾಗಿದ್ದುದು ಆ ಅಂಗಳದಲ್ಲಿಯೇ.

ಆ ಅಂಗಳಕ್ಕೆ ಹೇಳಿ ಮಾಡಿಸಿದಂತಹ ಆಟ ಬ್ಯಾಸ್ಕೆಟ್‌ಬಾಲ್. ಅದು ಹುಟ್ಟಿದ್ದೂ ಶಾಲೆಯಲ್ಲೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರ ಡಿಸೆಂಬರ್‌ನಲ್ಲಿ, ಚಳಿಗೆ ಹೊರಗೆ ಹೋಗಲಾಗದ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದರು. ಬುಟ್ಟಿಗೆ ತಳವಿದ್ದುದರಿಂದ ಪ್ರತಿ ಸಲವೂ ಚೆಂಡನ್ನು ಹೊರತೆಗೆಯಬೇಕಾಗುತ್ತಿತ್ತು! ಮರುವರ್ಷವೇ ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. ನಮ್ಮ ದೇಶದಲ್ಲಿ ಆಟದ ಪ್ರಚಾರಕ್ಕೆ ನೆರವಾದದ್ದು ವೈ.ಎಂ.ಸಿ.ಎ.; ಅದರ ಆಶ್ರಯದಲ್ಲಿ 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದರು.

ಕಥೋಲಿಕರಾದ ನಾವು ವಿಶೇಷವಾಗಿ ತಿಳಿದಿರಬೇಕಾದ ಪ್ರಸಂಗವೊಂದು ಅಮೆರಿಕದ ಫಿಲಡೆಲ್ಫಿಯ ನಗರದ ಬಳಿಯ ಇಮ್ಯಾಕ್ಯುಲೇಟಾ ಕಾಲೇಜಿನದು. ಕನ್ಯಾಸ್ತ್ರೀಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಆ ಚಿಕ್ಕ ಕಾಲೇಜಿನ ಕ್ರೀಡಾಭವನ 1967ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಭ್ಯಾಸಕ್ಕೆ ಕೊನೆಗೆ ಒದಗಿದ್ದು ಭಗಿನಿಯರ ಮಠದ ಆವರಣವೇ. ತರಬೇತುಗಾರ್ತಿ ಕ್ಯಾಥಿ ರಶ್ ಇನ್ನೂ ಎಳೆಯ ವಯಸ್ಸಿನವರು. 1972ರಲ್ಲಿ ರಾಷ್ಟ್ರಮಟ್ಟದ ಪಂದ್ಯಕ್ಕೆ ಎಂಟೇ ಆಟಗಾರ್ತಿಯರನ್ನು ಕರೆದೊಯ್ಯುವಷ್ಟು ಹಣ ಸೇರಿತ್ತು. ಆ ಎಂಟು ಮಂದಿ ಅಂತಿಮ ಪಂದ್ಯದಲ್ಲಿ ವೆಸ್ಟ್ ಚೆಸ್ಟರ್ ತಂಡವನ್ನು 52–48ರಿಂದ ಸೋಲಿಸಿದರು. 1973, 1974ರಲ್ಲಿಯೂ ಪ್ರಶಸ್ತಿ ಅವರದೇ ಆಯಿತು. ಪ್ರೇಕ್ಷಕರ ಸಾಲಿನಲ್ಲಿ ಭಗಿನಿಯರು ಜಪಮಣಿ ಹಿಡಿದು ಕುಳಿತಿದ್ದರೆ ಸುತ್ತಲಿನವರು ತಗಡಿನ ಬಕೆಟ್ಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದರಂತೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ಸೇರಿದ್ದು 1976ರಲ್ಲಿ ಎಂಬುದನ್ನು ನೆನೆದರೆ ಆ ಮಠದ ಔದಾರ್ಯದ ಬೆಲೆ ಅರಿವಾದೀತು. ಸುಟ್ಟುಹೋದ ಭವನಕ್ಕಾಗಿ ಅಳುತ್ತ ಕೂರದೆ ತಮ್ಮ ಬಾಗಿಲನ್ನೇ ತೆರೆದರು ಆ ತಾಯಂದಿರು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳಾ ತಂಡ ಏಷ್ಯಾ ಕಪ್ಪಿನ ಎರಡನೆಯ ಶ್ರೇಣಿಯ ಅಂತಿಮ ಪಂದ್ಯದಲ್ಲಿ ಕಜಕಸ್ತಾನವನ್ನು 75–73ರಿಂದ ಗೆದ್ದಿತು. ನಮ್ಮ ದುರ್ಗದ ಕ್ರೀಡಾಂಗಣಕ್ಕೆ ಇರುವುದಾದರೂ ಒನಕೆ ಓಬವ್ವಳ ಹೆಸರಲ್ಲವೆ?

ಶತಮಾನೋತ್ಸವದ ನೆನಪಿಗೆ ಶಾಲೆಯ ಅಂಗಳದಲ್ಲಿ ಸಭಾಭವನವೊಂದನ್ನು ಕಟ್ಟಬೇಕೆಂಬ ಮಾತು ನಮ್ಮಲ್ಲಿ ಕೇಳಿಬರುತ್ತಿದೆ. ಭವನ ಬೇಕು, ಸಂದೇಹವಿಲ್ಲ. ಮದುವೆಗೆ, ಸಭೆಗೆ ನಾವು ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. ಆದರೆ ಬ್ಯಾಸ್ಕೆಟ್‌ಬಾಲ್ ಅಂಗಣಕ್ಕೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ನೆಲ, ಎರಡು ಕಂಬ, ನೆಲದಿಂದ ಹತ್ತಡಿ ಎತ್ತರದಲ್ಲಿ ಎರಡು ಬಳೆ. ಪೂಜ್ಯ ಗುರುಗಳೂ, ಮುಖ್ಯೋಪಾಧ್ಯಾಯಿನಿಯವರಾದ ಭಗಿನಿಯವರೂ, ಸಮಿತಿಯ ಸದಸ್ಯರೂ ಅಷ್ಟು ನೆಲವನ್ನು ಮೊದಲು ಅಳೆದು ಗುರುತಿಟ್ಟು, ಆಮೇಲೆ ಭವನದ ನಕ್ಷೆ ಬರೆಸಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇನೆ.