ಚುಕ್ಕಿ, ನಕ್ಷತ್ರ, ಅಚ್ಚಿನ ಪುಟ

ಪುಣೆಗೆ ಬಂದ ಮೇಲೆ ನನ್ನ ಕನ್ನಡ ಬರಹವೆಲ್ಲ ಮಾರ್ಕ್‌ಡೌನ್‌ನಲ್ಲೇ. ಶೀರ್ಷಿಕೆಗೆ ಒಂದು ಹ್ಯಾಶ್, ಒತ್ತಿ ಹೇಳುವ ಪದದ ಎರಡೂ ಬದಿಗೆ ನಕ್ಷತ್ರ. ಉಳಿದ ಅಲಂಕಾರ ತಂತ್ರಾಂಶದ ಪಾಲಿಗೆ.

ಈ ಜಾಣತನ ಹೊಸದೇನಲ್ಲ. 1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ 'ರನ್‌ಆಫ್' ಬರೆದರು. ಸಾಲಿನ ಮೊದಲಿಗೆ ಚುಕ್ಕಿಯಿಟ್ಟು ಬರೆದ ಆದೇಶವೇ ಅದರ ಪುಟವಿನ್ಯಾಸ. ಅದರ ವಂಶದ 'ರಾಫ್' 1971ರಲ್ಲಿ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗಕ್ಕೆ ಅರ್ಜಿಗಳನ್ನು ಸಿದ್ಧಪಡಿಸಿಕೊಟ್ಟಿತು. ಎಳೆಯ ಯುನಿಕ್ಸ್‌ಗೆ ಗಿರಾಕಿ ಸಿಕ್ಕಿದ್ದೇ ಹೀಗೆ. 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ಕಂಡು ಬೇಸತ್ತ ಡೊನಾಲ್ಡ್ ಕನೂತ್ 'ಟೆಕ್' ಕಟ್ಟಲು ಕುಳಿತರು. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಕೊಟ್ಟರು. 2006ರಲ್ಲಿ ಬರ್ಕ್ಲಿಯ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 'ಪ್ಯಾಂಡಾಕ್' ಬರೆದು ಎರಡನ್ನೂ ಬೆಸೆದರು.

ನಮಗೆ ಮುಖ್ಯವಾದದ್ದು ಜೊನಾಥನ್ ಕ್ಯೂ ಅವರ 'ಝೀಟೆಕ್'. ಅದು ಯುನಿಕೋಡ್ ಕನ್ನಡವನ್ನು ನೇರವಾಗಿ ಓದುತ್ತದೆ, ಫಾಂಟಿನ ನಿಯಮದಂತೆ ಒತ್ತಕ್ಷರಗಳನ್ನು ಕೂರಿಸುತ್ತದೆ.

ಯುನಿಕೋಡ್‌ಗೆ ಮೊದಲಿನ ನಮ್ಮ ಡಿಟಿಪಿ ಕಡತಗಳನ್ನು ಆ ಫಾಂಟ್ ಇಲ್ಲದೆ ತೆರೆದು ನೋಡಿ: ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಸ್ತಕ ಉಳಿದಿದೆ, ಕಡತದಲ್ಲಿ ಕನ್ನಡವಿಲ್ಲ. ಕೆಲಸದ ಬೆನ್ನುಹತ್ತಿ ಊರೂರು ಬದಲಿಸುವ ನಮ್ಮ ಬರಹ ಹತ್ತು ಲ್ಯಾಪ್‌ಟಾಪ್ ದಾಟಿಯೂ ಓದಲು ಸಿಗಬೇಕು. ಅದಕ್ಕೇ ಮೂಲ ಸರಳ ಪಠ್ಯವಾಗಿರಲಿ. ಸಿಂಗಾರ ಅಚ್ಚಿನ ಹೊತ್ತಿಗೆ ಬಂದರೆ ಸಾಕು.